ಒಂದು ಗಂಟೆ ಹತ್ತು ನಿಮಿಷ

ನಮ್ಮ ಕಡೆ ಫೋನಿನಲ್ಲಿ ಯಾರಾದರೂ "ಹೊರಟ್ರಾ?" ಎಂದು ಕೇಳಿದರೆ "ಹೊರಟಾಯ್ತು" ಎನ್ನುವುದು ವಾಡಿಕೆ. ಹಾಗೆ ಹೇಳುವಾಗ ಹೇಳಿದವರ ಹೆಗಲ ಮೇಲೆ ಬೈರಾಸು ಇರುತ್ತದೆ, ಸ್ನಾನದ ನೀರು ಇನ್ನೂ ಕಾಯುತ್ತಿರುತ್ತದೆ. ಬೆಳ್ತಂಗಡಿಯ ನನ್ನ ಭಾವ ಒಮ್ಮೆ ತಮ್ಮ ಮನೆಯ ಚಾವಡಿಯಲ್ಲಿ ಕುಳಿತುಕೊಂಡೇ "ವೇಣೂರು ದಾಟಿತು" ಎಂದಿದ್ದರು. ಎರಡು ಗಂಟೆ ತಡವಾಗಿ ಪುತ್ತಿಗೆಯ ನಮ್ಮ ಮನೆಗೆ ಬಂದಾಗ ಅವರನ್ನು ಯಾರೂ ಸುಳ್ಳುಗಾರ ಎನ್ನಲಿಲ್ಲ. "ನಿಮ್ಮ ವೇಣೂರು ಎಲ್ಲಿಗೆ ಬಂತು ಭಾವ?" ಎಂದು ನಗಾಡಿ ಊಟಕ್ಕೆ ಎಲೆ ಹಾಕಿದೆವು. ಕಾಯುವವರಿಗೆ ಸಮಾಧಾನವಾಗಲಿ ಎಂದು ಹೇಳುವ ಮಾತು ಅದು. ಕೇಳುವವರಿಗೂ ಅದು ಗೊತ್ತು.

ಆ ಮಾತನ್ನು ನಾನು ಒಮ್ಮೆ ಸಮುದ್ರದಾಚೆ ನಿಂತು ಹೇಳಿದೆ. ಅದನ್ನು ಬರೆಯುತ್ತಿದ್ದೇನೆ. ಗಂಟೆ, ನಿಮಿಷ ನೆನಪಿದ್ದಲ್ಲಿ ಇದ್ದ ಹಾಗೆ ಕೊಡುತ್ತೇನೆ. ಇಲ್ಲದಲ್ಲಿ ಇಲ್ಲ ಎನ್ನುತ್ತೇನೆ.

ನಾಲ್ಕು ವರ್ಷ ನಾನು ಮಾಲ್ದೀವ್ಸಿನ ದಕ್ಷಿಣ ತುದಿಯ ಒಂದು ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿಂದ ರಾಜಧಾನಿಗೆ ಹೋಗಬೇಕಾದರೆ ವಿಮಾನವೇ ಆಗಬೇಕು. ನಮ್ಮ ವಿಮಾನ ನಿಲ್ದಾಣವೂ ಒಂದು ದ್ವೀಪ, ರಾಜಧಾನಿಯದ್ದೂ ಒಂದು ದ್ವೀಪ. ನಡುವೆ ಸುಮಾರು ಐನೂರ ನಲವತ್ತು ಕಿಲೋಮೀಟರ್ ನೀರು, ಒಂದು ಗಂಟೆ ಹತ್ತು ನಿಮಿಷದ ಹಾರಾಟ. ಎಂಟನೆಯ ತರಗತಿಗೆ ವೇಗ, ದೂರ, ಕಾಲದ ಲೆಕ್ಕ ಮಾಡಿಸುವಾಗ ನಾನು ಇದನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ.

ನಮ್ಮ ಶಾಲೆಯ ಹತ್ತಿರದ ಒಂದು ಅತಿಥಿಗೃಹದಲ್ಲಿ ನಮ್ಮ ಊರಿನ ಕಡೆಯವರೊಬ್ಬರು ಅಡುಗೆಗೆ ಇದ್ದರು. ಹುಟ್ಟಿದ್ದು ಕನ್ಯಾನದಲ್ಲಿ, ಮನೆ ಬಂಟ್ವಾಳದಲ್ಲಿ. ನನಗಿಂತ ಏಳು ವರ್ಷ ದೊಡ್ಡವರು. ಅವರಿಗೆ ನಾನು 'ಮಾಷ್ಟ್ರು', ನನಗೆ ಅವರು 'ಅಣ್ಣ'. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದೆವು. ಆ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಶುಕ್ರವಾರ ಶಾಲೆಗೆ ರಜೆ. ಆ ದಿನ ಬೆಳಿಗ್ಗೆ ಅವರು ನೀರುದೋಸೆ ಹೊಯ್ದು ಡಬ್ಬಿಯಲ್ಲಿ ತರುತ್ತಿದ್ದರು.

"ತೆಳ್ಳಗೆ ಆಗಿಲ್ಲ ಅಣ್ಣ" ಎಂದರೆ, "ಇಲ್ಲಿಯ ಅಕ್ಕಿಗೆ ಮರ್ಯಾದೆ ಇಲ್ಲ ಮಾಷ್ಟ್ರೇ. ನೀವು ಲೆಕ್ಕ ಕಲಿಸಿದ ಮಕ್ಕಳ ಹಾಗೆ, ಎಷ್ಟು ರುಬ್ಬಿದರೂ ಅಷ್ಟೇ" ಎನ್ನುತ್ತಿದ್ದರು.

ಅವರ ಕೈಗಡಿಯಾರದಲ್ಲಿ ಯಾವಾಗಲೂ ಊರಿನ ಗಂಟೆ. ದ್ವೀಪದ ಗಂಟೆ ನಮ್ಮೂರಿಗಿಂತ ಅರ್ಧ ಗಂಟೆ ಹಿಂದೆ. ದಿನಾ ಮಧ್ಯಾಹ್ನ ಒಂದೂವರೆಗೆ, ಅಂದರೆ ಊರಿನ ಎರಡಕ್ಕೆ, ಹೆಂಡತಿಗೆ ಫೋನು. ಅವರ ಹೆಂಡತಿ ಬಂಟ್ವಾಳದ ತಾಲೂಕು ಕಚೇರಿಯ ಎದುರು ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆಗ ಅಂಗಡಿಯಲ್ಲಿ ಜನ ಕಡಿಮೆ. ಗಂಡ ಹೆಂಡತಿ ಏನು ಮಾತಾಡುತ್ತಿದ್ದರು ಎಂದು ನನಗೆ ಗೊತ್ತಿಲ್ಲ. ನಗು ಮಾತ್ರ ಕೇಳಿಸುತ್ತಿತ್ತು.

ಅದು ಒಂದು ಶನಿವಾರ, ಶಾಲೆಗೆ ರಜೆಯೇ. ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಅತಿಥಿಗೃಹದಿಂದ ನನಗೆ ಫೋನು ಬಂತು. ಹಿಟ್ಟು ಕಲಸುತ್ತಿದ್ದ ಅಣ್ಣ ಎದೆ ಹಿಡಿದುಕೊಂಡು ಕುಳಿತಿದ್ದರು. ಏಳೂ ಇಪ್ಪತ್ತಕ್ಕೆ ನಾವು ಆಸ್ಪತ್ರೆಯಲ್ಲಿದ್ದೆವು. ನರ್ಸು ಅವರ ಅಂಗಿ, ಗಡಿಯಾರ, ಫೋನನ್ನು ನನ್ನ ಕೈಗೆ ಕೊಟ್ಟರು. ಎಂಟು ಗಂಟೆಗೆ ನಾನು ಅವರ ಹೆಂಡತಿಗೆ ನನ್ನ ಫೋನಿನಿಂದ ಸುದ್ದಿ ಹೇಳಿದೆ. "ಎದೆನೋವು ಬಂದಿದೆ ಅಕ್ಕ. ಆಸ್ಪತ್ರೆಯಲ್ಲಿ ಉಂಟು. ಮಾತಾಡ್ತಾರೆ. ಈಗ ಸೂಜಿ ಹಾಕ್ತಾ ಇದ್ದಾರೆ." ಅಷ್ಟೂ ನಿಜ. ಒಂಬತ್ತಕ್ಕೆ ಡಾಕ್ಟರು ಬಂದು, ಹೃದಯದ ಚಿಕಿತ್ಸೆ ಇಲ್ಲಿ ಆಗುವುದಿಲ್ಲ, ರಾಜಧಾನಿಗೆ ಒಯ್ಯಬೇಕು, ಹತ್ತೂ ಇಪ್ಪತ್ತರ ವಿಮಾನಕ್ಕೆ ಪ್ರಯತ್ನಿಸುತ್ತೇವೆ ಎಂದರು. ಇದನ್ನೂ ನಾನು ಅಕ್ಕನಿಗೆ ಹೇಳಿದೆ. ಪ್ರಯತ್ನ ಎಂಬ ಪದವನ್ನು ಮಾತ್ರ ಬಿಟ್ಟೆ.

ಒಂಬತ್ತೂ ಮೂವತ್ತೈದಕ್ಕೆ ಅವರೇ ಫೋನು ಮಾಡಿದರು.

"ಮಾಷ್ಟ್ರೇ, ಹೊರಟ್ರಾ?"

ನಾನು ಆಗ ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದೆ. ಆಂಬುಲೆನ್ಸು ಬಂದಿರಲಿಲ್ಲ. ವಿಮಾನದವರ ಒಪ್ಪಿಗೆಯೂ ಬಂದಿರಲಿಲ್ಲ.

"ಹೊರಟಾಯ್ತು ಅಕ್ಕ" ಎಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರ ಉಸಿರು ಹಗುರಾದದ್ದು ನನಗೆ ಫೋನಿನಲ್ಲಿ ಕೇಳಿಸಿತು. ಆ ಉಸಿರು ಕೇಳಿ ನಾನು ಮುಂದುವರಿಸಿದೆ. "ವಿಮಾನಕ್ಕೆ ಹತ್ತಿಸಿದ್ದಾರೆ. ಇನ್ನು ಫೋನು ಆಫ್ ಮಾಡ್ಲಿಕ್ಕೆ ಹೇಳ್ತಾರೆ. ನೀವು ಅವರ ಫೋನಿಗೆ ಮಾಡ್ಬೇಡಿ, ಸಿಗುದಿಲ್ಲ."

"ಎಷ್ಟೊತ್ತು ಉಂಟು?"

"ಒಂದು ಗಂಟೆ ಹತ್ತು ನಿಮಿಷ."

ಫೋನು ಇಟ್ಟ ಮೇಲೆ ನಾನು ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಅಣ್ಣನ ಫೋನು ನನ್ನ ಚೀಲದಲ್ಲಿ ಇತ್ತಲ್ಲ. ಅದನ್ನು ತೆಗೆದು ಆಫ್ ಮಾಡಿದೆ. ಅಕ್ಕ ತಪ್ಪಿ ಕರೆ ಮಾಡಿದರೆ ಅದು ರಿಂಗ್ ಆಗಬಾರದು ಎಂದು.

ಒಂಬತ್ತೂ ಐವತ್ತಕ್ಕೆ ಸುದ್ದಿ ಬಂತು: ಈ ವಿಮಾನದಲ್ಲಿ ಆಗುವುದಿಲ್ಲ. ಮಲಗಿದ ರೋಗಿಗೆ ಆರು ಸೀಟು ಬೇಕು. ಸೀಟುಗಳನ್ನು ಮಡಚಿ ಅದರ ಮೇಲೆ ಸ್ಟ್ರೆಚರ್ ಕಟ್ಟಬೇಕು. ಜನ ತುಂಬಿದ್ದಾರೆ, ಡಾಕ್ಟರ ಪತ್ರ ತಡವಾಗಿ ಮುಟ್ಟಿದೆ. ಮುಂದಿನದು ಒಂದೂ ಐವತ್ತಕ್ಕೆ. ಯಾರನ್ನೂ ದೂರುವುದಕ್ಕೆ ನನ್ನಲ್ಲಿ ಮಾತಿಲ್ಲ. ಹತ್ತೂ ಇಪ್ಪತ್ತೈದಕ್ಕೆ ವಿಮಾನ ಆಸ್ಪತ್ರೆಯ ಮೇಲಿನಿಂದಲೇ ಹಾರಿ ಉತ್ತರಕ್ಕೆ ತಿರುಗಿತು. ಅಣ್ಣ ಮಂಚದಲ್ಲಿ ಮಲಗಿದ್ದಲ್ಲಿಂದಲೇ ಶಬ್ದ ಕೇಳಿದರು.

"ನಮ್ಮ ಬಸ್ಸು ಹೋಯ್ತಾ ಮಾಷ್ಟ್ರೇ?"

"ಹಿಂದಿನಿಂದ ಇನ್ನೊಂದು ಉಂಟು ಅಣ್ಣ."

"ಖಾಲಿ ಇರ್ತದಾ, ಅಲ್ಲ ಫುಟ್‌ಬೋರ್ಡಾ?"

ನರ್ಸು ಮಾತಾಡಬೇಡಿ ಎಂದು ಸನ್ನೆ ಮಾಡಿದರು. ಅಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೆ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ಫೋನು ಕೊಡಿ, ಅವಳತ್ರ ಒಂದು ಮಾತು ಹೇಳ್ಲಿಕ್ಕೆ ಉಂಟು" ಎಂದರು.

ಆಗ ಕೊಡಬಹುದಿತ್ತು. ಕೊಟ್ಟರೆ ಅವರು ಆಸ್ಪತ್ರೆಯಿಂದ ಮಾತಾಡುತ್ತಾರೆ. ಆ ಹೊತ್ತಿಗೆ ಅಕ್ಕನ ಮನಸ್ಸಿನಲ್ಲಿ ಅವರು ಆಕಾಶದಲ್ಲಿದ್ದಾರೆ. ಮಾಷ್ಟ್ರು ಯಾಕೆ ಸುಳ್ಳು ಹೇಳಿದರು ಎಂಬ ಪ್ರಶ್ನೆ ಬರುತ್ತದೆ. ಅಕ್ಕ ಹೆದರಿಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವನು ನಾನು. ನಾಚಿಕೆ ಎನ್ನಬೇಕೋ ಏನೋ. "ನೆಟ್‌ವರ್ಕ್ ಇಲ್ಲ ಅಣ್ಣ" ಎಂದೆ.

"ಬಂದ ಕೂಡಲೇ ಕೊಡಿ."

"ನನ್ನತ್ರ ಹೇಳಿ, ನಾನು ಹೇಳ್ತೇನೆ."

"ನಿಮ್ಮತ್ರ ಹೇಳುವಂಥದ್ದಲ್ಲ ಮಾರಾಯ್ರೆ" ಎಂದು ಕಣ್ಣು ಮುಚ್ಚಿಕೊಂಡರು.

ಹನ್ನೊಂದೂ ಐವತ್ತೈದಕ್ಕೆ ಅಕ್ಕನ ಕರೆ ಬಂದು ನನ್ನ ಜೇಬಿನಲ್ಲಿ ಫೋನು ಅದುರಿತು. ಮೊದಲ ಸಲ ನಾನು ಎತ್ತಲಿಲ್ಲ. ಎರಡನೆಯ ಸಲ ಹೊರಗೆ ಹೋಗಿ ಅಂಗಳದಲ್ಲಿ, ಬಾದಾಮಿ ಮರದ ಕೆಳಗೆ ನಿಂತು ಎತ್ತಿದೆ.

"ಇಳಿದ್ರಾ ಮಾಷ್ಟ್ರೇ?"

ಹೊರಟಾಯ್ತು ಎಂದವನು ಇಳಿದಾಯ್ತು ಎನ್ನಲೇಬೇಕು. "ಇಳಿದಾಯ್ತು ಅಕ್ಕ. ಒಳಗೆ ಕರ್ಕೊಂಡು ಹೋಗಿದ್ದಾರೆ. ದೊಡ್ಡ ಡಾಕ್ಟ್ರು ನೋಡ್ತಾ ಇದ್ದಾರೆ."

"ಮಾತಾಡ್ಲಿಕ್ಕೆ ಆಗ್ತದಾ?"

"ಈಗ ಆಗುದಿಲ್ಲ."

"ಆಯ್ತು. ಡಾಕ್ಟ್ರಿಗೆ ತೊಂದರೆ ಕೊಡುದು ಬೇಡ. ಇವರಿಗೆ ಎಚ್ಚರ ಆಗುವಾಗ ಹೇಳಿ, ನಾನು ಅಂಗಡಿಯಲ್ಲೇ ಇದ್ದೇನೆ ಅಂತ."

ಆ ಮರದಿಂದ ಅಣ್ಣನ ಮಂಚಕ್ಕೆ ಮೂವತ್ತು ಹೆಜ್ಜೆ. ನಾನು ಆಮೇಲೆ ಒಂದು ದಿನ ಅಳೆದಿದ್ದೇನೆ.

ಒಳಗೆ ಹೋದಾಗ ಅವರು ಎಚ್ಚರವಿದ್ದರು. "ಬಂತಾ?" ಎಂದು ಕೇಳಿದರು. ನೆಟ್‌ವರ್ಕ್ ಎಂಬ ಅರ್ಥದಲ್ಲಿ. ನಾನು ಇಲ್ಲ ಎಂದು ತಲೆಯಾಡಿಸಿದೆ. ಮಧ್ಯಾಹ್ನ ಒಂದೂ ಹತ್ತಕ್ಕೆ ಅವರನ್ನು ಆಂಬುಲೆನ್ಸಿಗೆ ಏರಿಸುವವರೆಗೆ ಅವರು ಇನ್ನೂ ಎರಡು ಸಲ ಕೇಳಿದರು. ಮೂರು ಸಲವೂ ಇರಬಹುದು, ಇದು ಮಾತ್ರ ಸರಿಯಾಗಿ ನೆನಪಿಲ್ಲ. ಆಂಬುಲೆನ್ಸು ಸಮುದ್ರದ ನಡುವೆ ಕಲ್ಲು ತುಂಬಿಸಿ ಮಾಡಿದ ರಸ್ತೆಯಲ್ಲಿ ಹೋಗುವಾಗ ಅವರ ಗಡಿಯಾರ ನನ್ನ ಕೈಯಲ್ಲಿತ್ತು. ಅದರಲ್ಲಿ ಎರಡಕ್ಕೆ ಹತ್ತು ನಿಮಿಷ ಇತ್ತು. ದಿನಾ ಹೆಂಡತಿಗೆ ಫೋನು ಮಾಡುವ ಹೊತ್ತು ಹತ್ತಿರವಾಗುತ್ತಿತ್ತು.

ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು. ಸ್ಟ್ರೆಚರಿಗೆ ಒಂದು ಪರದೆ ಕಟ್ಟಿದ್ದರು. ಪರದೆಯ ಆಚೆ ಹುಲ್ಲಿನ ಟೋಪಿ ಹಾಕಿದ ಪ್ರವಾಸಿಗರು ಕಿಟಕಿಗೆ ಫೋನು ಹಿಡಿದಿದ್ದರು. ಕೆಳಗೆ ನೀಲಿ ನೀರಿನಲ್ಲಿ ಬಿಳಿ ಬಳೆಗಳ ಹಾಗೆ ಹವಳದ ದಿಬ್ಬಗಳು. ಅಣ್ಣ ನನ್ನ ತೋಳು ಹಿಡಿದು, "ಇಳಿದ ಕೂಡಲೇ ಮೊದಲು ಅವಳಿಗೆ ಫೋನು" ಎಂದರು. ನಾನು ಹ್ಞೂಂ ಎಂದೆ. ಎರಡೂ ಇಪ್ಪತ್ತೈದಕ್ಕೆ ಜೊತೆಗೆ ಬಂದಿದ್ದ ನರ್ಸು ಎದ್ದು ಅವರ ಎದೆ ಒತ್ತಲು ಶುರುಮಾಡಿದರು. ವಿಮಾನ ಇಳಿಯುವವರೆಗೂ ಒತ್ತುತ್ತಲೇ ಇದ್ದರು. ಮೂರು ಗಂಟೆಗೆ ಇಳಿಯಿತು. ಹಾರಿದ್ದು ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಅರ್ಧ ಅವರದ್ದು.

ರಾಜಧಾನಿಯ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಾಗದದಲ್ಲಿ, ತಂದ ಸಮಯ ಮೂರೂ ಇಪ್ಪತ್ತು, ತರುವಾಗಲೇ ಪ್ರಾಣ ಇರಲಿಲ್ಲ ಎಂದಿತ್ತು. ನಾನು ಅಕ್ಕನಿಗೆ ಫೋನು ಮಾಡಲಿಲ್ಲ. ಅವರ ತಮ್ಮನಿಗೆ ಮಾಡಿದೆ. "ಆಸ್ಪತ್ರೆಯಲ್ಲಿ ಡಾಕ್ಟ್ರು ಎಲ್ಲ ಪ್ರಯತ್ನ ಮಾಡಿದರು" ಎಂದೆ. ಬೆಳಿಗ್ಗೆ ಬಿಟ್ಟಿದ್ದ ಪದವನ್ನು ಆಗ ಬಳಸಿದೆ.

ಮೂರು ದಿನ ಬಿಟ್ಟು ಕೊಚ್ಚಿಯ ಮೂಲಕ ದೇಹ ಬಂಟ್ವಾಳಕ್ಕೆ ಹೋಯಿತು. ಅತಿಥಿಗೃಹದವರು ಜೊತೆಗೆ ಒಬ್ಬರನ್ನು ಕಳಿಸಿದರು. ನನಗೆ ಪರೀಕ್ಷೆಯ ಕೆಲಸ ಇತ್ತು. ಪರೀಕ್ಷೆ ಇತ್ತು ಎಂಬುದು ನಿಜ, ಕೇಳಿದ್ದರೆ ರಜೆ ಸಿಗುತ್ತಿತ್ತು ಎಂಬುದೂ ನಿಜ. ಗಡಿಯಾರ, ಫೋನು, ಅಂಗಿಯನ್ನು ಒಂದು ಚೀಲದಲ್ಲಿ ಹಾಕಿ ಕಳಿಸಿದೆ. ಕಳಿಸುವ ಮೊದಲು ಫೋನನ್ನು ಆನ್ ಮಾಡಿ ನೋಡಿದೆ. ಚಾರ್ಜು ಅರ್ಧಕ್ಕಿಂತ ಮೇಲೆ ಇತ್ತು.

ಆಮೇಲೆ ಒಂದು ವರ್ಷ ಅಲ್ಲೇ ಇದ್ದು ಈಗ ಊರಿಗೆ ಬಂದಿದ್ದೇನೆ. ಬಂದ ಎರಡನೆಯ ವಾರ ಅಕ್ಕನೇ ಫೋನು ಮಾಡಿದರು. "ಒಮ್ಮೆ ಬಂದು ಹೋಗಿ. ಕೇಳ್ಲಿಕ್ಕೆ ಉಂಟು." ಮರುದಿನ ಮಧ್ಯಾಹ್ನಕ್ಕೆ ಬರುತ್ತೇನೆ ಎಂದೆ. ಮೂಡುಬಿದಿರೆಯಲ್ಲಿ ಸಿದ್ಧಕಟ್ಟೆಯ ಮೇಲಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದಾಗ ಮತ್ತೆ ಅವರ ಫೋನು.

"ಎಲ್ಲಿದ್ದೀರಿ ಮಾಷ್ಟ್ರೇ?"

ನಾಲಿಗೆ ತುದಿಗೆ ಸಿದ್ಧಕಟ್ಟೆ ಬಂದಿತ್ತು. "ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ" ಎಂದೆ. "ಬಸ್ಸು ಇನ್ನೂ ಹೊರಡಲಿಲ್ಲ."

ಅಕ್ಕ "ಓ" ಎಂದು ಇಟ್ಟರು.

ಅಂಗಡಿ ಎಂದರೆ ಹತ್ತು ಅಡಿಯ ಒಂದು ಕೋಣೆ. ಎರಡು ಯಂತ್ರ, ಒಂದು ಕಂಪ್ಯೂಟರ್, ಗೋಡೆಯಲ್ಲಿ ಅರ್ಜಿ ನಮೂನೆಗಳು. ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ಅವರು ನಿಂತೇ ಇದ್ದರು. ಒಬ್ಬರು ಅಜ್ಜ ಪಹಣಿಯ ಝೆರಾಕ್ಸಿಗೆ ಬಂದಿದ್ದರು. ಅಕ್ಕ ಕಾಗದವನ್ನು ಗಾಜಿನ ಮೇಲಿಟ್ಟು ಮುಚ್ಚಿ, ನನ್ನ ಕಡೆ ನೋಡದೆ, ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ಪುಟ. ಎರಡು ದ್ವೀಪಗಳ ವಿಮಾನ ನಿಲ್ದಾಣಗಳ ಹೆಸರು, ನಡುವೆ ನೀಲಿಯ ಮೇಲೆ ಒಂದು ಗೆರೆ. ಕೆಳಗೆ ದೂರ, ಅದರ ಕೆಳಗೆ ಕಾಲ.

"ಅದೇ ದಿವಸ ತೆಗೆದದ್ದು" ಎಂದರು. "ನೀವು ಹೊರಟಾಯ್ತು ಅಂದ ಕೂಡಲೇ. ಒಂದು ಗಂಟೆ ಹತ್ತು ನಿಮಿಷ. ನಮ್ಮ ಮನೆಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗ್ಲಿಕ್ಕೂ ಅಷ್ಟೇ ಬೇಕು. ಇಷ್ಟೇ ಅಲ್ವಾ ಅಂತ ಧೈರ್ಯ ಆಯ್ತು ನನಗೆ."

ನಾನು ಹಾಳೆಯ ಗೆರೆಯನ್ನು ನೋಡುತ್ತಿದ್ದೆ.

"ಮತ್ತೆ ಆಸ್ಪತ್ರೆಯ ಕಾಗದ ಬಂತು. ಎಲ್ಲ ಕಚೇರಿಗೂ ಒಂದೊಂದು ಪ್ರತಿ ಬೇಕು ಅಂದ್ರು. ನಾನೇ ಇಲ್ಲಿ ಇಪ್ಪತ್ತು ಪ್ರತಿ ತೆಗೆದೆ ಮಾಷ್ಟ್ರೇ. ಇಪ್ಪತ್ತರಲ್ಲೂ ಅದೇ ಗಂಟೆ. ಮೂರೂ ಇಪ್ಪತ್ತಕ್ಕೆ ತಂದದ್ದು ಅಂತ. ನೀವು ಊಟಕ್ಕೆ ಮೊದಲೇ ಇಳಿದಾಯ್ತು ಅಂದವರು. ಮಧ್ಯೆ ಎಲ್ಲಿದ್ರಿ?"

"ಎರಡೂ ಬದಿ ಬೇಕಾ ತಂಗಿ?" ಎಂದು ಅಜ್ಜ ತಾವೇ ಕೇಳಿ, "ಎರಡೂ ಬದಿ ಬೇಕು" ಎಂದು ತಾವೇ ಹೇಳಿದರು.

"ಮಾಡ್ತೇನೆ ಅಜ್ಜ, ನಿಲ್ಲಿ." ಅಕ್ಕ ಕಾಗದ ಮಗುಚಿದರು. "ಹೇಳಿ. ನೀವು ಲೆಕ್ಕದ ಮಾಷ್ಟ್ರು. ಗಂಟೆ ಸರಿಯಾಗಿ ಹೇಳಿ. ಅಲ್ಲಿಯದ್ದೇ ಹೇಳಿ, ಅರ್ಧ ಗಂಟೆ ನಾನು ಸೇರಿಸಿಕೊಳ್ತೇನೆ."

ಹೇಳಿದೆ. ಮೇಲೆ ಬರೆದದ್ದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದೆ. ಫೋನು ಆಫ್ ಮಾಡಿದ್ದನ್ನು, ಬಾದಾಮಿ ಮರವನ್ನು, ಮೂವತ್ತು ಹೆಜ್ಜೆಯನ್ನು. ನಡುವೆ ಅಜ್ಜ ಹೋದರು, ಆಧಾರ್ ಕಾರ್ಡ್ ಹಿಡಿದ ಇಬ್ಬರು ಹೆಂಗಸರು ಬಂದು ಹೋದರು. ಜನ ಬಂದಾಗ ನಾನು ನಿಲ್ಲಿಸುತ್ತಿದ್ದೆ. ಅವರು ಹೋದ ಮೇಲೆ ಅಕ್ಕ "ಮತ್ತೆ?" ಎನ್ನುತ್ತಿದ್ದರು. ಆ ಪುಟದ ಹಿಂಬದಿಯಲ್ಲಿ ಪೆನ್ನಿನಿಂದ ಗಂಟೆಗಳನ್ನು ಒಂದರ ಕೆಳಗೆ ಒಂದು ಬರೆಯುತ್ತಿದ್ದರು. ನಾನು ಮುಗಿಸಿದ ಮೇಲೆ ಎರಡು ಗಂಟೆಗಳಿಗೆ ಸುತ್ತು ಹಾಕಿದರು. ಒಂಬತ್ತೂ ಮೂವತ್ತೈದು. ಒಂದೂ ಹತ್ತು. ಕಳೆದರು.

"ಮೂರು ಗಂಟೆ ಮೂವತ್ತೈದು ನಿಮಿಷ. ಸರಿ ಉಂಟಾ?"

"ಸರಿ ಉಂಟು ಅಕ್ಕ."

"ನನ್ನತ್ರ ಫೋನಿತ್ತು. ಇವರಿಗೆ ಬಾಯಿತ್ತು. ನೀವು ನಡುವಲ್ಲಿ ಇದ್ರಿ." ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನು ದೇವರಿಗೆ ದೀಪ ಇಟ್ಟು ಬಂದು ಇಲ್ಲಿ ಕೂತಿದ್ದೆ. ಮೊಬೈಲು ಮುಟ್ಲಿಲ್ಲ. ಡಾಕ್ಟ್ರು ಮದ್ದು ಮಾಡುವಾಗ ಫೋನು ಬಡ್ಕೊಳ್ಬಾರ್ದು ಅಂತ."

"ತಪ್ಪಾಯ್ತು" ಎಂದೆ. ಆ ಪದ ಅಂಗಡಿಯಲ್ಲಿ ಎಲ್ಲಿಯೂ ಕೂರಲಿಲ್ಲ.

"ವಿಮಾನ ತಡ ಆಯ್ತು ಅಂದಿದ್ರೆ ನಾನೇನು ಮಾಡ್ತಿದ್ದೆ? ಅಳ್ತಿದ್ದೆ. ಅತ್ತುಕೊಂಡು ಮಾತಾಡ್ತಿದ್ದೆ. ಅಷ್ಟೇ ಅಲ್ವಾ?"

ಯಂತ್ರ ತನ್ನಷ್ಟಕ್ಕೆ ಒಮ್ಮೆ ಗುರುಗುಟ್ಟಿ ನಿಂತಿತು. ಹೊರಗೆ ತಾಲೂಕು ಕಚೇರಿಯ ಮೆಟ್ಟಿಲಲ್ಲಿ ಯಾರೋ ಫೋನಿನಲ್ಲಿ ದೊಡ್ಡದಾಗಿ "ಹೊರಟಾಯ್ತು ಮಾರಾಯ, ಕಚೇರಿ ಬಿಟ್ಟು ಆಯ್ತು" ಎನ್ನುತ್ತ, ಒಳಗೆ ಹೋಗುವ ಸರದಿಯಲ್ಲಿ ನಿಂತಿದ್ದರು. ಅಕ್ಕನಿಗೂ ಅದು ಕೇಳಿಸಿರಬೇಕು. ಆ ಕಡೆ ನೋಡಲಿಲ್ಲ.

"ಏನು ಹೇಳ್ಲಿಕ್ಕೆ ಇತ್ತಂತೆ?" ಎಂದು ಕೇಳಿದರು.

ಇದಕ್ಕಾಗಿಯೇ ನನ್ನನ್ನು ಕರೆಸಿದ್ದು ಎಂದು ನನಗೆ ಆಗ ತಿಳಿಯಿತು. ಏನಾದರೂ ಒಂದು ಮಾತು ಹೇಳಿಬಿಡಬಹುದಿತ್ತು. ನಿಮ್ಮನ್ನು ನೆನೆಸಿಕೊಂಡರು, ಚಿಂತೆ ಮಾಡಬೇಡಿ ಅಂದರು, ಹೀಗೆ. ಬಸ್ಸಿನಲ್ಲಿ ಬರುವಾಗ ಅಂಥ ಎರಡು ಮೂರು ಮಾತುಗಳು ನನ್ನ ತಲೆಗೆ ಬಂದೂ ಇದ್ದವು. ಕೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

"ಗೊತ್ತಿಲ್ಲ ಅಕ್ಕ. ನನ್ನತ್ರ ಹೇಳಿ ಅಂದೆ. ನಿಮ್ಮತ್ರ ಹೇಳುವಂಥದ್ದಲ್ಲ ಮಾರಾಯ್ರೆ, ಅಂದ್ರು."

ಅವರ ತುಟಿ ಒಂದು ಕ್ಷಣ ನಗುವಿನ ಕಡೆಗೆ ಹೋಯಿತು. ಗಂಡನ ದನಿ ಕೇಳಿಸಿರಬೇಕು. ಆಮೇಲೆ ಆ ಮುಖವನ್ನು ನಾನು ನೋಡಲಿಲ್ಲ. ಗೋಡೆಯ ನಮೂನೆಗಳ ಕಡೆ ತಿರುಗಿ, ಸರಿಯಾಗಿಯೇ ಇದ್ದ ಕಟ್ಟನ್ನು ತೆಗೆದು ಮತ್ತೆ ಜೋಡಿಸತೊಡಗಿದರು.

ನಾನು ಎದ್ದು ನಿಂತೆ. ನಮ್ಮ ಕಡೆ ಮನೆಯಿಂದ ಯಾರಾದರೂ ಹೊರಡುವಾಗ ಹೇಳುವ ಮಾತೊಂದಿದೆ: ಮುಟ್ಟಿದ ಮೇಲೆ ಫೋನು ಮಾಡಿ. ಎಷ್ಟು ಸಿಟ್ಟಿದ್ದರೂ ಅದನ್ನು ಹೇಳದೆ ಕಳಿಸುವವರಿಲ್ಲ.

"ನೀವು ಹೊರಡಿ ಮಾಷ್ಟ್ರೇ" ಎಂದರು ಅಕ್ಕ, ತಿರುಗದೆ. "ಮುಟ್ಟಿದ ಮೇಲೆ ಫೋನು ಮಾಡ್ಬೇಡಿ."

ಹಾಳೆ ಮೇಜಿನ ಮೇಲೆಯೇ ಇತ್ತು, ಗಂಟೆ ಬರೆದ ಬದಿ ಮೇಲಾಗಿ. ಮೂರೂ ಐವತ್ತರ ಬಸ್ಸು ಸಿಕ್ಕಿತು. ಪುತ್ತಿಗೆಯ ಮನೆ ಮುಟ್ಟುವಾಗ ಐದೂ ಕಾಲು. ಚಪ್ಪಲಿ ಬಿಚ್ಚಿ ಜಗಲಿಯಲ್ಲಿ ಕುಳಿತೆ. ಫೋನು ಕೈಯಲ್ಲಿತ್ತು. ಮಾಡಲಿಲ್ಲ.